ವೇಪೇರಿಯಿಂದ ಗಿಂಡಿಯವರೆಗೆ: ರಾಜಾಜಿ, ಪೆರಿಯಾರ್ ಮತ್ತು ಅವರ ಜಗಳ ಕಟ್ಟಿದ ನಾಡು

ಪುರಸೈವಾಕ್ಕಂನ ನಮ್ಮ ಮನೆಯಿಂದ ಹಳೆ ಮಹಾಬಲಿಪುರಂ ರಸ್ತೆಯಲ್ಲಿರುವ ನನ್ನ ಆಫೀಸಿಗೆ ಕ್ಯಾಬ್‌ನಲ್ಲಿ ಹೆಚ್ಚುಕಡಿಮೆ ಒಂದೂವರೆ ಗಂಟೆಯ ದಾರಿ. ಹೊರಟ ಹತ್ತು ನಿಮಿಷಕ್ಕೆ ವೇಪೇರಿಯ ಪೆರಿಯಾರ್ ತಿಡಲ್ ಸಿಗುತ್ತದೆ. ಪೆರಿಯಾರ್ ಇ.ವಿ. ರಾಮಸ್ವಾಮಿಯವರ ಸಮಾಧಿ ಇರುವುದು ಅಲ್ಲಿ. ಎಗ್ಮೋರ್, ಮೌಂಟ್ ರೋಡ್ ದಾಟಿ ಗಿಂಡಿಗೆ ಬಂದರೆ ಸರ್ದಾರ್ ಪಟೇಲ್ ರಸ್ತೆಯಲ್ಲಿ ಗಾಂಧಿ ಮಂಟಪ. ಅದರ ಆವರಣದಲ್ಲೇ ರಾಜಾಜಿಯವರ ಸ್ಮಾರಕವಿದೆ, ಕಾಮರಾಜರ ಸ್ಮಾರಕವೂ ಇದೆ. ಎಷ್ಟೋ ವರ್ಷ ಈ ಎರಡು ಜಾಗಗಳ ನಡುವೆ ಹೋಗಿ ಬಂದರೂ ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತಿ ನೋಡಿರಲಿಲ್ಲ.

ಹೋದ ವರ್ಷ ಐದನೇ ಕ್ಲಾಸಿನ ಮಗಳಿಗೆ ಶಾಲೆಯಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟರು. ನಿಮ್ಮೂರಿನ ರಸ್ತೆಗಳಿಗೆ ಯಾರ ಹೆಸರಿದೆ, ಅವರು ಯಾರು ಎಂದು ಬರೆದು ತರಬೇಕು. ಪೂನಮಲ್ಲಿ ಹೈರೋಡಿಗೆ ಪೆರಿಯಾರ್ ಹೆಸರು, ಬಂದರಿನ ಪಕ್ಕದ ರಸ್ತೆಗೆ ರಾಜಾಜಿ ಹೆಸರು ಎಂದು ಬರೆದುಕೊಂಡವಳು, "ಅಮ್ಮಾ, ಇವರಿಬ್ಬರೂ ಫ್ರೆಂಡ್ಸಾ, ಜಗಳಗಂಟರಾ?" ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ನಾನು ಓದಿದ್ದು ಎಂ.ಟೆಕ್. ಇತಿಹಾಸವನ್ನು ಹತ್ತನೇ ಕ್ಲಾಸಿಗೇ ಕೈಮುಗಿದು ಬಿಟ್ಟವಳು. ಅವಳಿಗಾಗಿ ಓದಲು ಶುರು ಮಾಡಿದ್ದು ಆಮೇಲೆ ನನಗಾಗಿಯೇ ಮುಂದುವರಿಯಿತು. ಅದಕ್ಕೆ ಮನೆಯದೇ ಒಂದು ಕಾರಣವೂ ಇತ್ತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಇಬ್ಬರಿಗೂ ಕನ್ನಡದ ನಂಟು

ಮೊದಲು ನನಗೆ ಖುಷಿಕೊಟ್ಟ ಸಂಗತಿ ಹೇಳಿಬಿಡುತ್ತೇನೆ. ಚಕ್ರವರ್ತಿ ರಾಜಗೋಪಾಲಾಚಾರಿ ಹುಟ್ಟಿದ್ದು 1878ರ ಡಿಸೆಂಬರ್ 10ರಂದು, ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ. ಓದಿದ್ದು ಹೊಸೂರಿನಲ್ಲಿ, ನಂತರ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಮದರಾಸಿನಲ್ಲಿ ಕಾನೂನು ಓದಿ, 1900ರಲ್ಲಿ ಸೇಲಂನಲ್ಲಿ ವಕೀಲಿ ಶುರು ಮಾಡಿದರು. ಅವರಿಗಿಂತ ಒಂಬತ್ತು ತಿಂಗಳು ಚಿಕ್ಕವರಾದ ರಾಮಸ್ವಾಮಿ ಹುಟ್ಟಿದ್ದು 1879ರ ಸೆಪ್ಟೆಂಬರ್ 17ರಂದು, ಈರೋಡಿನಲ್ಲಿ. ಅನುಕೂಲಸ್ಥ ವ್ಯಾಪಾರಿ ಕುಟುಂಬ, ಮನೆಮಾತು ಕನ್ನಡ! ತಮಿಳು ನಾಡಿನ ರಾಜಕೀಯವನ್ನು ಅರ್ಧ ಶತಮಾನ ಎರಡು ಕಡೆಯಿಂದ ಜಗ್ಗಿದ ಇಬ್ಬರಲ್ಲಿ ಒಬ್ಬರು ನಮ್ಮ ಬೆಂಗಳೂರಿನಲ್ಲಿ ಓದಿದವರು, ಇನ್ನೊಬ್ಬರು ಮನೆಯಲ್ಲಿ ಕನ್ನಡ ಆಡಿ ಬೆಳೆದವರು.

ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ರಾಜಾಜಿ ಸೇಲಂ ಪುರಸಭೆಯ ಅಧ್ಯಕ್ಷರು, ರಾಮಸ್ವಾಮಿ ಈರೋಡ್ ಪುರಸಭೆಯ ಅಧ್ಯಕ್ಷರು. ಅಕ್ಕಪಕ್ಕದ ಊರು, ಒಂದೇ ಥರದ ತಲೆನೋವು. ಸ್ನೇಹ ಬೆಳೆಯಿತು. 1919ರಲ್ಲಿ ರಾಮಸ್ವಾಮಿಯವರನ್ನು ಕಾಂಗ್ರೆಸ್ಸಿಗೆ ಕರೆತಂದದ್ದೇ ರಾಜಾಜಿ. ಬಂದವರು ಸುಮ್ಮನೆ ಕೂರಲಿಲ್ಲ. ಖಾದಿ ಹೊತ್ತು ಮಾರಿದರು, ಹೆಂಡದ ವಿರುದ್ಧ ಹೋರಾಟ ಬಂದಾಗ ಸ್ವಂತ ತೋಟದ ನೂರಾರು ತೆಂಗಿನ ಮರಗಳನ್ನೇ ಕಡಿಸಿದರು. ಈರೋಡಿನಲ್ಲಿ ಹೆಂಡದಂಗಡಿಗಳ ಮುಂದೆ ಧರಣಿಯ ಮುಂದಾಳತ್ವ ವಹಿಸಿದವರು ಅವರ ಹೆಂಡತಿ ನಾಗಮ್ಮಾಳ್ ಮತ್ತು ತಂಗಿ ಕಣ್ಣಮ್ಮಾಳ್. 1921ರಲ್ಲಿ ಒಂದು ವ್ಯಾಪಾರಿ ಮನೆಯ ಹೆಣ್ಣುಮಕ್ಕಳು ಬೀದಿಗೆ ಬಂದು ಹೆಂಡದಂಗಡಿಯ ಮುಂದೆ ಕೂರುವುದೆಂದರೆ ಏನು ಎಂದು ಊಹಿಸಿಕೊಳ್ಳಿ.

ದಾರಿ ಬೇರೆಯಾದದ್ದು

1924ರಲ್ಲಿ ವೈಕಂ ಸತ್ಯಾಗ್ರಹ. ದೇವಸ್ಥಾನದ ಸುತ್ತಲಿನ ಬೀದಿಗಳಲ್ಲಿ ಕೆಳಜಾತಿಯವರು ನಡೆಯಬಾರದೆಂಬ ನಿರ್ಬಂಧದ ವಿರುದ್ಧ ರಾಮಸ್ವಾಮಿ ಜೈಲಿಗೆ ಹೋದರು. ಅದೇ ಹೊತ್ತಿಗೆ ಕಾಂಗ್ರೆಸ್ಸಿನ ಹಣದ ನೆರವು ಪಡೆದಿದ್ದ ಚೇರನ್ಮಾದೇವಿಯ ಗುರುಕುಲದಲ್ಲಿ ಬ್ರಾಹ್ಮಣ ಮಕ್ಕಳಿಗೆ ಬೇರೆ ಪಂಕ್ತಿ ಎಂಬ ವಿಷಯ ದೊಡ್ಡ ಗಲಾಟೆಯಾಯಿತು. ಬೀದಿಯಲ್ಲಿ ಸಮಾನತೆ ಕೇಳುವ ಪಕ್ಷ ಊಟದ ಮನೆಯಲ್ಲಿ ಅದನ್ನು ಕೊಡುವುದಿಲ್ಲವೇ ಎಂಬುದು ಅವರ ಪ್ರಶ್ನೆ. 1925ರ ನವೆಂಬರಿನಲ್ಲಿ ಕಾಂಚೀಪುರಂ ಸಮ್ಮೇಳನದಲ್ಲಿ, ಎಲ್ಲ ಸಮುದಾಯಗಳಿಗೂ ಪ್ರಾತಿನಿಧ್ಯ ಬೇಕೆಂಬ ಅವರ ನಿರ್ಣಯಕ್ಕೆ ಅವಕಾಶ ಸಿಗಲಿಲ್ಲ. ಎದ್ದು ಹೊರನಡೆದರು. ಅಲ್ಲಿಂದ ಸ್ವಾಭಿಮಾನ ಚಳವಳಿ ಬೆಳೆಯಿತು.

ರಾಜಾಜಿಯವರೂ ಜಾತಿಯ ಗೋಡೆಗಳನ್ನು ಒಪ್ಪಿದವರಲ್ಲ. 1933ರಲ್ಲಿ ಅವರ ಮಗಳು ಲಕ್ಷ್ಮಿ ಗಾಂಧೀಜಿಯವರ ಮಗ ದೇವದಾಸರನ್ನು ಮದುವೆಯಾದರು. 1939ರಲ್ಲಿ ಮದುರೆ ಮೀನಾಕ್ಷಿ ಗುಡಿಗೆ ದಲಿತರ ಪ್ರವೇಶವಾದಾಗ, ಅದಕ್ಕೆ ಕಾನೂನಿನ ರಕ್ಷಣೆ ಕೊಟ್ಟದ್ದು ಅವರ ಸರ್ಕಾರವೇ. ಆದರೆ ಅವರ ದಾರಿ ಬೇರೆ. ಮನೆ, ಕುಲದ ಕಸುಬು, ದೇವರು, ಪುರಾಣ ಇವೆಲ್ಲ ಮನುಷ್ಯನನ್ನು ಹಿಡಿದಿಡುವ ಬೇರುಗಳು, ಕೊಳೆತ ಕೊಂಬೆಯನ್ನು ಕಡಿಯಬೇಕೇ ಹೊರತು ಬೇರನ್ನಲ್ಲ ಎಂಬುದು ಅವರ ನಂಬಿಕೆ. ಬೇರಿನಲ್ಲೇ ರೋಗವಿದೆ ಎಂಬುದು ಪೆರಿಯಾರ್ ವಾದ. ಒಬ್ಬರು ರಾಮಾಯಣವನ್ನು ತಮಿಳು ಗದ್ಯದಲ್ಲಿ ಬರೆದು ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು, ಇನ್ನೊಬ್ಬರು ಅದೇ ರಾಮಾಯಣದ ಮೇಲೆ ಜೀವನಪೂರ್ತಿ ಜಗಳ ಕಾಯ್ದರು.

ನನಗೆ ಅರ್ಥವಾದಂತೆ ಇಷ್ಟು: ರಾಜಾಜಿಗೆ ದೊಡ್ಡ ಸರ್ಕಾರದ ಮೇಲೆ ಅನುಮಾನ, ಪೆರಿಯಾರ್‌ಗೆ ಹಳೆಯ ಸಂಪ್ರದಾಯದ ಮೇಲೆ ಅನುಮಾನ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. 1929ರ ಫೆಬ್ರವರಿಯಲ್ಲಿ ಚೆಂಗಲ್ಪಟ್ಟಿನಲ್ಲಿ ನಡೆದ ಮೊದಲ ಸ್ವಾಭಿಮಾನ ಪ್ರಾಂತೀಯ ಸಮ್ಮೇಳನದಲ್ಲಿ, ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಆಸ್ತಿಹಕ್ಕು ಇರಬೇಕು, ವಿಧವೆಯರು ಮತ್ತೆ ಮದುವೆಯಾಗಬಹುದು, ಮದುವೆ ಹೆಣ್ಣಿನ ಆಯ್ಕೆಯೂ ಆಗಿರಬೇಕು ಎಂದು ನಿರ್ಣಯ ಮಾಡಿದರು. 1929ರಲ್ಲಿ! ನನ್ನ ಅಜ್ಜಿಯಂಥವರಿಗೆ ಆಗ ತಮ್ಮ ಹೆಸರಿನಲ್ಲಿ ಒಂದು ಗುಂಟೆ ಇರಬಹುದೆಂಬ ಕಲ್ಪನೆಯೂ ಇರಲಿಲ್ಲ.

ಹಿಂದಿ, ಜೈಲು ಮತ್ತು 73 ಮಹಿಳೆಯರು

1937ರಲ್ಲಿ ರಾಜಾಜಿ ಮದರಾಸ್ ಪ್ರಾಂತ್ಯದ ಪ್ರಧಾನಿಯಾದರು (ಆಗ ಮುಖ್ಯಮಂತ್ರಿಗೆ ಹಾಗೆನ್ನುತ್ತಿದ್ದರು). ಅವರದೇ ಸೇಲಂ ಜಿಲ್ಲೆಯಿಂದ ಪಾನನಿಷೇಧ ಶುರುವಾಯಿತು. ಖೋತಾ ಆದ ವರಮಾನಕ್ಕೆ ಮಾರಾಟ ತೆರಿಗೆ ತಂದರು. ಸರ್ಕಾರ ಹೆಚ್ಚು ಕೈಹಾಕಬಾರದು ಎನ್ನುವವರು ಕುಡಿತದ ವಿಷಯದಲ್ಲಿ ಮಾತ್ರ ಸರ್ಕಾರದ ಕೈಯನ್ನೇ ನಂಬಿದರು ಎಂಬುದನ್ನೂ ಗಮನಿಸಬೇಕು.

1938ರ ಏಪ್ರಿಲಿನಲ್ಲಿ 125 ಪ್ರೌಢಶಾಲೆಗಳಲ್ಲಿ ಹಿಂದಿ ಕಡ್ಡಾಯ ಎಂಬ ಆದೇಶ ಹೊರಟಿತು. ದೇಶ ಒಂದಾಗಬೇಕಾದರೆ ಒಂದು ಸಾಮಾನ್ಯ ಭಾಷೆ ಬೇಕು ಎಂಬುದು ರಾಜಾಜಿಯ ಲೆಕ್ಕ. ಪೆರಿಯಾರ್ ಬೀದಿಗಿಳಿದರು. ಆ ವರ್ಷ ನವೆಂಬರ್ 13ರಂದು ಮದರಾಸಿನಲ್ಲಿ ತಮಿಳುನಾಡು ಮಹಿಳೆಯರ ಸಮ್ಮೇಳನ ನಡೆಯಿತು. ರಾಮಸ್ವಾಮಿಯವರಿಗೆ "ಪೆರಿಯಾರ್", ಅಂದರೆ ಹಿರಿಯರು, ಎಂಬ ಬಿರುದು ಕೊಟ್ಟದ್ದು ಅಲ್ಲಿಯೇ. ಇವತ್ತು ಇಡೀ ನಾಡು ಕರೆಯುವ ಆ ಹೆಸರು ಹೆಣ್ಣುಮಕ್ಕಳು ಇಟ್ಟದ್ದು ಎಂಬುದು ನನಗೆ ಗೊತ್ತೇ ಇರಲಿಲ್ಲ.

ಮರುದಿನವೇ ಡಾ. ಧರ್ಮಾಂಬಾಳ್, ಮೂವಲೂರು ರಾಮಾಮೃತಂ ಅಮ್ಮಾಳ್ ಮುಂತಾದವರು ಶಾಲೆಯೊಂದರ ಮುಂದೆ ಪ್ರತಿಭಟಿಸಿ ಬಂಧಿತರಾದರು. ಮಹಿಳೆಯರನ್ನು ಪ್ರಚೋದಿಸಿದರೆಂದು ಪೆರಿಯಾರ್ ಮೇಲೆ ಮೊಕದ್ದಮೆ ಹೂಡಿ ಜೈಲಿಗೆ ಹಾಕಿದರು. ಕೆಲಕಾಲ ಅವರು ನಮ್ಮ ಬಳ್ಳಾರಿಯ ಜೈಲಿನಲ್ಲೂ ಇದ್ದರು. ಇಡೀ ಚಳವಳಿಯಲ್ಲಿ ಬಂಧಿತರಾದವರು 1,198 ಜನ. ಅವರಲ್ಲಿ 73 ಮಹಿಳೆಯರು, ತಾಯಂದಿರ ಜೊತೆ ಜೈಲಿಗೆ ಹೋದ ಮಕ್ಕಳು 32. ನಟರಾಜನ್, ತಾಳಮುತ್ತು ಎಂಬ ಇಬ್ಬರು ಯುವಕರು ಬಂಧನದಲ್ಲಿದ್ದಾಗ ಕಾಯಿಲೆಯಿಂದ ತೀರಿಕೊಂಡರು. ಎಗ್ಮೋರಿನ ತಾಳಮುತ್ತು ನಟರಾಜನ್ ಮಾಳಿಗೈ ಎಂಬ ಸರ್ಕಾರಿ ಕಟ್ಟಡವನ್ನು ನಾವೆಲ್ಲ ನೋಡಿದ್ದೇವೆ. ಹೆಸರು ಯಾರದೆಂದು ಕೇಳಿದವರು ಕಡಿಮೆ. 1940ರ ಫೆಬ್ರವರಿಯಲ್ಲಿ ಗವರ್ನರ್ ಆ ಆದೇಶವನ್ನು ಹಿಂತೆಗೆದುಕೊಂಡರು.

ರಾಮಾಮೃತಂ ಅಮ್ಮಾಳ್ ದೇವದಾಸಿ ಪದ್ಧತಿಯ ವಿರುದ್ಧ ಹೋರಾಡಿದವರು. ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರಿದ ಹೆಣ್ಣುಮಕ್ಕಳಿಗೆ ಈಗ ತಿಂಗಳಿಗೆ 1,000 ರೂಪಾಯಿ ಕೊಡುವ ಯೋಜನೆಗೆ ಅವರದೇ ಹೆಸರು. ನಮ್ಮ ಮನೆಗೆಲಸಕ್ಕೆ ಬರುವ ಅಕ್ಕನ ಮಗಳಿಗೆ ಆ ಹಣ ಬರುತ್ತದೆ. ಅವಳ ಬಸ್ಸು, ಪುಸ್ತಕದ ಖರ್ಚು ಅದರಲ್ಲೇ ನಡೆಯುತ್ತದೆ.

ಅರ್ಧ ದಿನದ ಶಾಲೆ

ಸ್ವಾತಂತ್ರ್ಯ ಬಂದ ಮೇಲೆ ರಾಜಾಜಿ ಗವರ್ನರ್ ಜನರಲ್ ಆದರು. ಆ ಹುದ್ದೆಯಲ್ಲಿ ಕೂತ ಒಬ್ಬನೇ ಭಾರತೀಯ ಅವರು. 1952ರಲ್ಲಿ ಮದರಾಸಿನ ಮುಖ್ಯಮಂತ್ರಿಯಾಗಿ ಮರಳಿ ಬಂದು, ಯುದ್ಧಕಾಲದಿಂದ ನಡೆದುಬಂದಿದ್ದ ಆಹಾರ ನಿಯಂತ್ರಣವನ್ನು ತೆಗೆದುಹಾಕಿದರು. ನಮ್ಮ ಮಾವನವರ ತಾಯಿ ರೇಷನ್ ಅಕ್ಕಿಗೆ ನಿಂತ ಕ್ಯೂಗಳ ಕಥೆಯನ್ನು ಹೇಳುತ್ತಿದ್ದರಂತೆ. ಕ್ಯೂ ತಪ್ಪಿಸಿದ ಪುಣ್ಯಾತ್ಮ ಎಂದು ರಾಜಾಜಿಗೆ ಅವರು ಕೊನೆಯವರೆಗೂ ಕೈಮುಗಿಯುತ್ತಿದ್ದರೆಂದು ನಮ್ಮತ್ತೆ ನೆನಪಿಸಿಕೊಳ್ಳುತ್ತಾರೆ.

ಆದರೆ 1953ರಲ್ಲಿ ಅವರು ತಂದ ಪ್ರಾಥಮಿಕ ಶಿಕ್ಷಣದ ಹೊಸ ಯೋಜನೆ ಅವರ ಕುರ್ಚಿಯನ್ನೇ ಅಲುಗಾಡಿಸಿತು. ಎಲ್ಲ ಮಕ್ಕಳಿಗೂ ಶಾಲೆ ಕೊಡುವಷ್ಟು ಹಣವಿಲ್ಲ, ಮೇಷ್ಟರಿಲ್ಲ. ಹಾಗಾಗಿ ಹಳ್ಳಿಯ ಶಾಲೆಗಳಲ್ಲಿ ದಿನಕ್ಕೆ ಮೂರು ಗಂಟೆಯ ಎರಡು ಪಾಳಿ. ಒಂದು ಪಾಳಿಯಲ್ಲಿ ಓದಿದ ಮಗು ಉಳಿದ ಹೊತ್ತು ಮನೆಯಲ್ಲಿ ಅಪ್ಪನ ಕಸುಬು ಕಲಿಯಬೇಕು. ಹೆಣ್ಣುಮಗುವಾದರೆ ಅಮ್ಮನಿಂದ ಅಡುಗೆ, ಮನೆಗೆಲಸ. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇತ್ತು: ಅದೇ ಕಟ್ಟಡ, ಅದೇ ಮೇಷ್ಟರು, ಎರಡರಷ್ಟು ಮಕ್ಕಳು. ಕೈಕೆಲಸಕ್ಕೆ ಗೌರವ ಬರಲಿ ಎಂಬ ಗಾಂಧೀ ವಿಚಾರವೂ ಹಿಂದಿತ್ತು.

ಪೆರಿಯಾರ್ ಮತ್ತು ದ್ರಾವಿಡ ಪಕ್ಷಗಳು ಇದನ್ನು "ಕುಲ ಕಲ್ವಿ", ಕುಲಕಸುಬಿನ ಶಿಕ್ಷಣ, ಎಂದು ಕರೆದವು. ಕ್ಷೌರಿಕನ ಮಗ ಕ್ಷೌರಿಕನೇ ಆಗಬೇಕೇ? ಇಲ್ಲಿ ನಾನು ಪೆರಿಯಾರ್ ಕಡೆ. ಮಧ್ಯಾಹ್ನದ ನಂತರ ಮನೆಗೆ ಹೋಗಿ ಪಾತ್ರೆ ತೊಳೆಯುವುದನ್ನು ಕಲಿ ಎಂದು ಹೆಣ್ಣುಮಗುವಿಗೆ ಸರ್ಕಾರವೇ ಹೇಳಿದರೆ, ಅವಳನ್ನು ಮರುದಿನ ಬೆಳಿಗ್ಗೆ ಶಾಲೆಗೆ ಕಳಿಸುವವರು ಎಷ್ಟು ಮಂದಿ? ಕಾಂಗ್ರೆಸ್ಸಿನೊಳಗೂ ವಿರೋಧ ಬಂತು. 1954ರ ಏಪ್ರಿಲಿನಲ್ಲಿ ರಾಜಾಜಿ ಹೋಗಿ ಕಾಮರಾಜರು ಬಂದರು. ಮೇ ತಿಂಗಳಲ್ಲಿ ಯೋಜನೆ ರದ್ದಾಯಿತು. ಕಾಂಗ್ರೆಸ್ಸನ್ನು ಅಷ್ಟು ಬೈಯುತ್ತಿದ್ದ ಪೆರಿಯಾರ್ ಕಾಮರಾಜರಿಗೆ ಬೆಂಬಲವಾಗಿ ನಿಂತರು. ಹಳ್ಳಿಗಳಲ್ಲಿ ಶಾಲೆ ಹೆಚ್ಚಿದವು, ಮಧ್ಯಾಹ್ನದ ಊಟ ಬಂತು. ಗಿಂಡಿಯಲ್ಲಿ ರಾಜಾಜಿಯವರ ಹತ್ತಿರವೇ ಕಾಮರಾಜರ ಸ್ಮಾರಕ ಇರುವುದನ್ನು ಕಂಡಾಗ ಈಗ ಇದೆಲ್ಲ ನೆನಪಾಗುತ್ತದೆ.

ಅದಲು ಬದಲು

ಇನ್ನು ಮುಂದಿನದು ವಿಚಿತ್ರ. 1959ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ರಾಜಾಜಿ ಮದರಾಸಿನಲ್ಲಿ ಸ್ವತಂತ್ರ ಪಕ್ಷ ಕಟ್ಟಿದರು. ನೆಹರೂ ಅವರ ಸಹಕಾರಿ ಬೇಸಾಯ, ಯೋಜಿತ ಅರ್ಥವ್ಯವಸ್ಥೆ ಅವರಿಗೆ ಒಪ್ಪಿಗೆಯಾಗಲಿಲ್ಲ. ಎಲ್ಲದಕ್ಕೂ ಸರ್ಕಾರದ ಅಪ್ಪಣೆ ಕೇಳಬೇಕಾದ ವ್ಯವಸ್ಥೆಗೆ "ಪರ್ಮಿಟ್ ಲೈಸೆನ್ಸ್ ರಾಜ್" ಎಂಬ ಹೆಸರಿಟ್ಟವರು ಅವರೇ. 1967ರಲ್ಲಿ ಆ ಪಕ್ಷ ಲೋಕಸಭೆಯಲ್ಲಿ 44 ಸ್ಥಾನ ಗೆದ್ದಿತು.

ಹಿಂದಿಯ ವಿಷಯದಲ್ಲಂತೂ ಇಬ್ಬರೂ ಜಾಗ ಬದಲಿಸಿದರು. 1938ರಲ್ಲಿ ಹಿಂದಿ ತಂದ ರಾಜಾಜಿ, ಹಿಂದಿಯೊಂದೇ ಆಡಳಿತ ಭಾಷೆಯಾಗುವುದನ್ನು ಇಳಿವಯಸ್ಸಿನಲ್ಲಿ ಗಟ್ಟಿಯಾಗಿ ವಿರೋಧಿಸಿ ಇಂಗ್ಲಿಷ್ ಉಳಿಯಬೇಕೆಂದರು. 1965ರಲ್ಲಿ ವಿದ್ಯಾರ್ಥಿಗಳ ಹಿಂದಿ ವಿರೋಧಿ ಚಳವಳಿ ಭುಗಿಲೆದ್ದಾಗ, ಕಾಂಗ್ರೆಸ್ ಸರ್ಕಾರದ ಪರವಾಗಿದ್ದ ಪೆರಿಯಾರ್ ಆ ಚಳವಳಿಯನ್ನೇ ಟೀಕಿಸಿದರು! 1967ರ ಚುನಾವಣೆಯಲ್ಲಿ ರಾಜಾಜಿ ಪೆರಿಯಾರ್ ಶಿಷ್ಯರಾದ ಅಣ್ಣಾದುರೈ ಜೊತೆ ಕೈಜೋಡಿಸಿದರು. ಪೆರಿಯಾರ್ ಕಾಮರಾಜರ ಕಾಂಗ್ರೆಸ್ ಪರ ನಿಂತರು. ಅಣ್ಣಾ ಗೆದ್ದು ಮುಖ್ಯಮಂತ್ರಿಯಾದರು. ಪುರೋಹಿತರಿಲ್ಲದ ಸ್ವಾಭಿಮಾನ ಮದುವೆಗಳಿಗೆ ಅವರ ಸರ್ಕಾರ ಕಾನೂನಿನ ಮಾನ್ಯತೆ ಕೊಟ್ಟಿತು. ರಾಜಾಜಿಯ ಬೆಂಬಲದಿಂದ ಗೆದ್ದ ಸರ್ಕಾರ ಪೆರಿಯಾರ್ ಕನಸನ್ನು ಕಾನೂನು ಮಾಡಿತು.

ಇಷ್ಟೆಲ್ಲದರ ನಡುವೆ ಸ್ನೇಹ ಹೋಗಲಿಲ್ಲ. 1949ರಲ್ಲಿ ಪೆರಿಯಾರ್ ತಮಗಿಂತ ಬಹಳ ಚಿಕ್ಕವರಾದ ಮಣಿಯಮ್ಮೈ ಅವರನ್ನು ಮದುವೆಯಾಗುವ ಮುಂಚೆ ತಿರುವಣ್ಣಾಮಲೈಯಲ್ಲಿ ಭೇಟಿಯಾಗಿ ಮಾತನಾಡಿದ್ದು ರಾಜಾಜಿಯವರ ಜೊತೆ. ಆ ಮದುವೆಯಿಂದ ಅವರ ಪಕ್ಷವೇ ಒಡೆಯಿತು. 1972ರ ಡಿಸೆಂಬರ್ 25ರಂದು ರಾಜಾಜಿ ತೀರಿಕೊಂಡರು. 93 ವರ್ಷದ ಪೆರಿಯಾರ್ ಗಾಲಿಕುರ್ಚಿಯಲ್ಲಿ ಅಂತ್ಯಸಂಸ್ಕಾರಕ್ಕೆ ಬಂದು ಅತ್ತರು. ಒಂದು ವರ್ಷಕ್ಕೆ ಒಂದು ದಿನ ಕಡಿಮೆ, 1973ರ ಡಿಸೆಂಬರ್ 24ರಂದು ಅವರೂ ಹೋದರು.

ದೇಶಕ್ಕೆ ಸಿಕ್ಕಿದ್ದು

ಇದು ಬರೀ ತಮಿಳುನಾಡಿನ ಕಥೆಯಲ್ಲ. ಕಾಂಚೀಪುರದಲ್ಲಿ ಪೆರಿಯಾರ್ ಕೇಳಿದ ಪ್ರಾತಿನಿಧ್ಯ, ಮದರಾಸಿನಲ್ಲಿ ಸರ್ಕಾರಿ ಆದೇಶವಾಗಿ ಕಾಲೇಜು ಸೀಟುಗಳಿಗೂ ಬಂದಿತ್ತು. 1951ರಲ್ಲಿ ಚಂಪಕಂ ದೊರೈರಾಜನ್ ಎಂಬ ಮಹಿಳೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಮದರಾಸಿನಲ್ಲಿ ಎದ್ದ ಚಳವಳಿಯ ಬಿಸಿಗೆ ಅದೇ ವರ್ಷ ಸಂವಿಧಾನದ ಮೊದಲ ತಿದ್ದುಪಡಿಯಲ್ಲಿ ಹಿಂದುಳಿದವರಿಗೆ ವಿಶೇಷ ಅವಕಾಶ ಸೇರಿತು. 1965ರ ಗಲಾಟೆಯ ನಂತರ, ಹಿಂದಿಯೇತರ ರಾಜ್ಯಗಳು ಬಯಸುವವರೆಗೆ ಇಂಗ್ಲಿಷ್ ಮುಂದುವರಿಯಬಹುದೆಂದು ಸಂಸತ್ತು ಕಾನೂನು ತಿದ್ದಿತು. ರಾಜಾಜಿ ವಿರೋಧಿಸಿದ ಲೈಸೆನ್ಸ್ ವ್ಯವಸ್ಥೆ 1991ರಲ್ಲಿ ಬಹುಪಾಲು ಹೋಯಿತು. ನನ್ನಂಥವರಿಗೆ ಐ.ಟಿ. ಕೆಲಸ ಸಿಕ್ಕಿದ್ದರ ಹಿಂದೆ ಆ ಬದಲಾವಣೆ ಇದೆ. ನನ್ನ ಟೀಮಿನಲ್ಲಿ ಕುಟುಂಬಕ್ಕೇ ಮೊದಲ ಪದವೀಧರೆಯಾದ ಹುಡುಗಿಯರು ಮೂವರಿದ್ದಾರೆ. ಅವರು ಇಲ್ಲಿಯವರೆಗೆ ಬಂದ ದಾರಿಯ ಹಿಂದೆ ಪೆರಿಯಾರ್ ಮತ್ತು ಕಾಮರಾಜರು ಇದ್ದಾರೆ. ಗಿಂಡಿಯ ವಾದವೂ ವೇಪೇರಿಯ ವಾದವೂ ನಮ್ಮ ಆಫೀಸಿನ ಒಂದೇ ಮಹಡಿಯಲ್ಲಿವೆ.

1929ರ ಆಸ್ತಿಹಕ್ಕಿನ ನಿರ್ಣಯ ತಮಿಳುನಾಡಿನಲ್ಲಿ ಕಾನೂನಾಗಲು 1989 ಬರಬೇಕಾಯಿತು, ಅರವತ್ತು ವರ್ಷ! ಕರ್ನಾಟಕದಲ್ಲಿ 1994. ಎರಡೂ ಕಡೆ ಅಷ್ಟರೊಳಗೆ ಮದುವೆಯಾಗಿದ್ದವರಿಗೆ ಹಕ್ಕಿರಲಿಲ್ಲ. 2005ರಲ್ಲಿ ಕೇಂದ್ರದ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು.

ನಮ್ಮ ಮನೆಯ ಕಾಗದ

ಈಗ ಮನೆಯ ಕಾರಣ. ತುಮಕೂರು ಕಡೆಯ ನಮ್ಮ ತಾತ 2007ರಲ್ಲಿ ತೀರಿಕೊಂಡರು. ಅಮ್ಮನಿಗೆ ಕಾನೂನಿನ ಪ್ರಕಾರ ಪಾಲಿತ್ತು. ವೈಕುಂಠ ಸಮಾರಾಧನೆ ಮುಗಿದ ವಾರಕ್ಕೆ ಮಾವಂದಿರು ಕಾರು ತಂದು ಅಮ್ಮನನ್ನು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದೊಯ್ದರು. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿ, ಅರಿಶಿನ ಕುಂಕುಮಕ್ಕೆಂದು ಒಂದು ಸೀರೆ, ಐದು ಸಾವಿರ ರೂಪಾಯಿ ಕೊಟ್ಟರು. ಕಾಲೇಜಿನಲ್ಲಿದ್ದ ನಾನು ಕೂಗಾಡಿದೆ. ಅಮ್ಮ ಅಂದದ್ದು ಇಷ್ಟೇ: "ನನಗೆ ತವರು ಬೇಕಲ್ವೇನೇ?" ಇವತ್ತಿಗೂ ಗೌರಿ ಹಬ್ಬಕ್ಕೆ ಅಮ್ಮನಿಗೆ ತವರಿನ ಬಾಗಿನ ತಪ್ಪಿಲ್ಲ. ಹೆರಿಗೆಗೆ, ಆಪರೇಷನ್ನಿಗೆ ಓಡಿಬಂದವರೂ ಅದೇ ಮಾವಂದಿರು.

ಕಾನೂನು ಕೊಟ್ಟದ್ದನ್ನು ಸಂಪ್ರದಾಯ ಹೇಗೆ ನಯವಾಗಿ ಕಿತ್ತುಕೊಳ್ಳುತ್ತದೆ ನೋಡು ಎಂದು ಪೆರಿಯಾರ್ ಹೇಳಿಯಾರು. ಅಣ್ಣ ತಂಗಿಯ ನಂಟನ್ನು ಯಾವ ಕಾಯ್ದೆಯೂ ಕಟ್ಟಿಕೊಡಲಾರದು, ಅದನ್ನು ಕಳೆದುಕೊಳ್ಳಬೇಡ ಎಂದು ರಾಜಾಜಿ ಹೇಳಿಯಾರು. ಎರಡೂ ನಿಜ ಎಂಬುದೇ ಕಷ್ಟ.

ನಮ್ಮಪ್ಪ ಹೋಗಿ ಎರಡು ವರ್ಷವಾಯಿತು. ಕಳೆದ ಗೌರಿ ಹಬ್ಬಕ್ಕೆ ನನ್ನ ತಮ್ಮ ಪುರಸೈವಾಕ್ಕಂಗೆ ಬಂದಾಗ ಬಾಗಿನದ ಜೊತೆ ಒಂದು ಹಕ್ಕು ಬಿಡುಗಡೆ ಪತ್ರದ ಕರಡನ್ನೂ ತಂದಿದ್ದ. ಅವನೇನು ಕೆಟ್ಟವನಲ್ಲ. "ಎಲ್ಲರೂ ಮಾಡೋದೇ ಅಲ್ವಾ ಅಕ್ಕ" ಅಂದ. ಬಾಗಿನಕ್ಕೆ ಕಣ್ಣಿಗೊತ್ತಿಕೊಂಡೆ. ಕಾಗದವನ್ನು ಅವನ ಬ್ಯಾಗಿಗೇ ವಾಪಸ್ ಇಟ್ಟು, "ಇದಕ್ಕೆ ಸಹಿ ಹಾಕಲ್ಲ ಕಣೋ. ಆದರೆ ನಿನ್ನ ಜೊತೆ ಜಗಳ ಆಡಲ್ಲ. ಅಮ್ಮ ಇರೋವರೆಗೂ ಮನೆ ಹಾಗೇ ಇರಲಿ, ಆಮೇಲೆ ಇಬ್ಬರೂ ಕೂತು ಮಾತಾಡೋಣ" ಅಂದೆ. ಒಂದು ತಿಂಗಳು ಅವನ ಫೋನಿರಲಿಲ್ಲ. ಆ ತಿಂಗಳು ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. "ನಾನು ಸಹಿ ಹಾಕಿದ್ದು ನನಗೆ ಸರಿ, ನೀನು ಹಾಕದೇ ಇದ್ದದ್ದು ನಿನಗೆ ಸರಿ" ಎಂದು ಅಮ್ಮ ಫೋನಿನಲ್ಲಿ ಹೇಳಿದ ಮೇಲೆ ಸ್ವಲ್ಪ ಸಮಾಧಾನವಾಯಿತು. ದೀಪಾವಳಿಗೆ ತಮ್ಮನೇ ಫೋನ್ ಮಾಡಿದ. ಆಸ್ತಿಯ ಮಾತು ಬರಲಿಲ್ಲ. ಮಗಳ ಪರೀಕ್ಷೆ, ಅವನ ಹೊಸ ಗಾಡಿ, ಅಮ್ಮನ ಮೊಣಕಾಲು ನೋವು, ಹೀಗೆ ಅರ್ಧ ಗಂಟೆ ಮಾತಾಡಿದೆವು.

ಮಗಳ ಪ್ರಾಜೆಕ್ಟಿಗೆ ಕೊನೆಗೆ ನಾವು ಬರೆದ ಸಾಲು ಹೀಗಿತ್ತು: ರಾಜಾಜಿ ಮತ್ತು ಪೆರಿಯಾರ್ ಐವತ್ತು ವರ್ಷ ಜಗಳವಾಡಿದ ಸ್ನೇಹಿತರು. ಟೀಚರ್ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಆದರೂ ಪೂರ್ತಿ ಅಂಕ ಕೊಟ್ಟರು. ಗೆಳತಿಯರೇ, ಮುಂದಿನ ಸಲ ವೇಪೇರಿಯಲ್ಲೋ ಗಿಂಡಿಯಲ್ಲೋ ಸಿಗ್ನಲ್ಲಿನಲ್ಲಿ ನಿಂತಾಗ ಒಮ್ಮೆ ತಲೆ ಎತ್ತಿ ನೋಡಿ. ಮಕ್ಕಳು ಜೊತೆಗಿದ್ದರೆ ಈ ಕಥೆಯನ್ನು ಅವರಿಗೂ ಹೇಳಿ.